‘ಕಂಡರಾಗದು’ ಎಂಬುದು ಬೇರೆ, ‘ಇರಗೊಡಬಾರದು’ ಎಂಬುದು ಬೇರೆ

ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಹಾಗೂ ಈ ಜಿಲ್ಲೆಯ ಎಲ್ಲ ಓದುಗರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

‘ಅವನನ್ನು ಕಂಡರಾಗದು’ ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಪಕ್ಕದ ಮನೆಯವ, ಊರ ಮುಖಂಡ, ಬಸ್ಸಿನ ಕಂಡಕ್ಟರ್, ಒಂದು ಪಕ್ಷ, ಒಂದು ಮಠ, ಯಾರನ್ನಾದರೂ ಕಂಡರಾಗದಿರಲು ಮನುಷ್ಯನಿಗೆ ಹಕ್ಕಿದೆ. ಅದನ್ನು ಬಾಯಿಬಿಟ್ಟು ಹೇಳಲೂ ಹಕ್ಕಿದೆ. ಸಂವಿಧಾನದ 19(1)(ಎ) ವಿಧಿ ಅದಕ್ಕೇ ಇರುವುದು. ‘ಅವರನ್ನು ಇಲ್ಲಿ ಇರಗೊಡಬಾರದು’ ಎನ್ನುವುದು ಬೇರೆಯೇ ಜಾತಿಯ ಮಾತು. ಮೊದಲನೆಯದು ಹೇಳುವವನ ಮನಸ್ಸಿನ ಸುದ್ದಿ. ಎರಡನೆಯದು ಕೇಳುವವರು ಮಾಡಬೇಕಾದ ಕೆಲಸ.

ಇವೆರಡನ್ನೂ ಬೇರ್ಪಡಿಸುವಾಗ ನಾವೆಲ್ಲ ತಪ್ಪು ಅಳತೆಗೋಲು ಹಿಡಿಯುತ್ತಿದ್ದೇವೆ ಎಂಬುದೇ ಈ ಪತ್ರದ ವಿಷಯ. ಬೈಗುಳ ಎಷ್ಟು ಬಿರುಸಾಗಿದೆ, ಕೇಳಿದವರಿಗೆ ಎಷ್ಟು ನೋವಾಗಿದೆ ಎಂಬುದರ ಮೇಲೆ ಪ್ರಕರಣ ದಾಖಲಾಗುತ್ತದೆ. ಹಾಗಾಗಿ ಒರಟಾಗಿ ಬೈದವನು ಸಿಕ್ಕಿಬೀಳುತ್ತಾನೆ. ‘ದಯವಿಟ್ಟು’, ‘ಬಂಧುಗಳೇ’ ಎಂದು ನಯವಾಗಿ ಶುರುಮಾಡಿ ಒಂದು ಕೇರಿಯನ್ನೇ ಹೊರಗಿಡಿ ಎಂದವನು ದಾಟಿಕೊಳ್ಳುತ್ತಾನೆ. ಇದು ಒಂದು ಠಾಣೆಯ ಅಥವಾ ಒಂದು ಜಿಲ್ಲೆಯ ದೋಷವಲ್ಲ, ಎಲ್ಲ ಕಡೆ ನಡೆಯುತ್ತದೆ. ಆದರೆ ಕೊಂಕಣಿ, ಕನ್ನಡ, ನವಾಯತಿ, ಉರ್ದು, ಮರಾಠಿ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಕರಾವಳಿಯಲ್ಲಿ ಇದರ ಪೆಟ್ಟು ಹೆಚ್ಚು.

ಒಂದು ಮೀನಿನ ಮಾತನ್ನೇ ಹತ್ತಿರದಿಂದ ನೋಡೋಣ. ಇದು ನಾವು ಕಟ್ಟಿದ ಉದಾಹರಣೆ, ಯಾವ ಊರಿನ ಯಾವ ಅಂಗಡಿಯದೂ ಅಲ್ಲ. ಸಂತೆಯಿಂದ ಬಂದವರೊಬ್ಬರು ಹೀಗೆ ಬರೆಯುತ್ತಾರೆ: ‘ಮೂಲೆ ಕಟ್ಟೆಯವ ಕೊಟ್ಟ ಬಂಗಡೆ ಹಳಸಿತ್ತು, ಇನ್ನು ಅವನ ಹತ್ರ ತಕಳೂದಿಲ್ಲ.’ ಇದನ್ನು ಓದಿದ ಇನ್ನೊಬ್ಬರು: ‘ಅವ ದೊಡ್ಡ ಮೋಸಗಾರ, ವಾರದ ಮೀನಿಗೆ ಐಸ್ ಹಾಕಿ ಮಾರ್ತಾನೆ.’ ಮೂರನೆಯವರು: ‘ಅವನೊಬ್ಬನೇ ಅಲ್ಲ, ಆ ಜನವೇ ಹಾಗೆ.’ ನಾಲ್ಕನೆಯವರು: ‘ನಮ್ಮವರಿಗೆ ಕೊಡುವ ಮೀನಿಗೆ ಅವರು ಏನೋ ಬೆರೆಸ್ತಾರಂತೆ.’ ಐದನೆಯವರು: ‘ಬಂಧುಗಳೇ, ದಯವಿಟ್ಟು ಯಾರೂ ಅವರಲ್ಲಿ ಖರೀದಿ ಮಾಡಬೇಡಿ. ಭಾನುವಾರ ಬೆಳಿಗ್ಗೆ ಎಲ್ಲ ಸೇರಿ, ಆ ಕಟ್ಟೆಗಳನ್ನು ಖಾಲಿ ಮಾಡಿಸೋಣ.’

ಐದರಲ್ಲಿ ಅತಿ ಒರಟು ಮಾತು ಎರಡನೆಯದು. ಅತಿ ಮರ್ಯಾದೆಯ ಮಾತು ಐದನೆಯದು. ಅಪಾಯ ಎಲ್ಲಿದೆ ಎಂದು ಹೇಳಬೇಕಿಲ್ಲ.

ಹೈಸ್ಕೂಲಿನಲ್ಲಿ ಕಲಿತ ವ್ಯಾಕರಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲು ಕರ್ತೃಪದ ನೋಡಿ. ‘ಅವ’ ಇದ್ದದ್ದು ‘ಆ ಜನವೇ’ ಆಯಿತು, ಆಮೇಲೆ ‘ಅವರು’ ಆಯಿತು. ‘ಜನವೇ’ ಎಂಬುದರ ಕೊನೆಯ ಏಕಾರದಲ್ಲಿ ಒಬ್ಬನ ತಪ್ಪು ಹುಟ್ಟಿನ ಗುಣವಾಗಿಬಿಟ್ಟಿದೆ. ಆಮೇಲೆ ಕಾಲ ನೋಡಿ. ‘ಕೊಟ್ಟ’ ಎನ್ನುವುದು ಭೂತಕಾಲ: ಯಾವತ್ತು, ಎಷ್ಟು ಹೊತ್ತಿಗೆ ಎಂದು ಕೇಳಬಹುದು, ಸುಳ್ಳಾದರೆ ಸುಳ್ಳೆಂದು ತೋರಿಸಬಹುದು. ‘ಬೆರೆಸ್ತಾರಂತೆ’ ಎನ್ನುವುದಕ್ಕೆ ದಿನವೂ ಇಲ್ಲ, ಸಾಕ್ಷಿಯೂ ಇಲ್ಲ. ‘ಅಂತೆ’ ಸೇರಿದ ಕೂಡಲೇ ಹೇಳಿದವನ ಹೊಣೆಯೂ ಜಾರಿಹೋಗುತ್ತದೆ. ಕೊನೆಗೆ ವಿಧ್ಯರ್ಥ ಕ್ರಿಯಾಪದ, ಅಂದರೆ ಕೇಳುವವರಿಗೆ ಕೆಲಸ ಹೇಳುವ ಪದ, ಇದೆಯೇ ನೋಡಿ: ‘ಮಾಡಬೇಡಿ’, ‘ಸೇರಿ’, ‘ಖಾಲಿ ಮಾಡಿಸೋಣ’. ಕರ್ತೃ ಗುಂಪಾಗಿ, ಕಾಲ ಕಳೆದುಹೋಗಿ, ಕೊನೆಯಲ್ಲಿ ವಿಧ್ಯರ್ಥ ಬಂತೆಂದರೆ ಗೆರೆ ದಾಟಿದ್ದೇವೆ ಎಂದೇ ತಿಳಿಯಬೇಕು, ಅದರಲ್ಲಿ ಒಂದೂ ಕೆಟ್ಟ ಶಬ್ದ ಇಲ್ಲದಿದ್ದರೂ.

ಕಾನೂನಿನ ಕಣ್ಣಿಗೆ ಈ ಐದು ಹೇಗೆ ಕಾಣುತ್ತವೆ? ಮೊದಲನೆಯದು ಗಿರಾಕಿಯ ಹಕ್ಕು. ಎರಡನೆಯದು ಸುಳ್ಳಾಗಿದ್ದರೆ ಮಾನಹಾನಿ ಆಗಬಹುದು, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಅದು ಪೊಲೀಸರು ತಾವಾಗಿ ಎತ್ತಿಕೊಳ್ಳುವ ಪ್ರಕರಣವಲ್ಲ, ಅಂಗಡಿಯವನೇ ನ್ಯಾಯಾಲಯಕ್ಕೆ ಹೋಗಬೇಕು. ಮೂರನೆಯದು ಪೂರ್ವಗ್ರಹ. ನಾಲ್ಕನೆಯದು ಗುಂಪುಗಳ ನಡುವೆ ಹಗೆ ಹುಟ್ಟಿಸುವ ಸುಳ್ಳುಸುದ್ದಿ, 353(2). ಐದನೆಯದು 196: ಧರ್ಮ, ಜನಾಂಗ, ಹುಟ್ಟಿದ ಊರು, ವಾಸ, ಭಾಷೆ, ಜಾತಿ ಯಾವುದರ ಹೆಸರಲ್ಲಾದರೂ ಗುಂಪುಗಳ ನಡುವೆ ವೈರ ಬೆಳೆಸುವುದು. 2024ರ ಜುಲೈ 1ಕ್ಕೆ ಮೊದಲು ಇದೇ ಭಾರತೀಯ ದಂಡ ಸಂಹಿತೆಯ 153ಎ ಆಗಿತ್ತು. ಶಿಕ್ಷೆ 3 ವರ್ಷದವರೆಗೆ, ಪೂಜಾಸ್ಥಳದಲ್ಲಾದರೆ 5 ವರ್ಷದವರೆಗೆ. ‘ಭಾಷೆ’, ‘ವಾಸ’ ಎಂಬ ಶಬ್ದಗಳು ಕಲಮಿನಲ್ಲೇ ಇವೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಬೋಟಿನಲ್ಲಿ ದುಡಿಯಲು ಬಂದ ಹೊರರಾಜ್ಯದವರ ಮೇಲೆ ಊರನ್ನು ಎತ್ತಿಕಟ್ಟಿದರೂ ಇದೇ ಕಲಮು.

ಮೂರನೆಯದರ ಹತ್ತಿರ ಸ್ವಲ್ಪ ನಿಲ್ಲಬೇಕು, ಕಷ್ಟವಿರುವುದು ಅಲ್ಲೇ. ‘ಆ ಜನವೇ ಹಾಗೆ’ ಎಂಬುದು ಕೆಟ್ಟ ಮಾತು, ಸುಳ್ಳು ಮಾತು. ಆದರೂ ಅದಕ್ಕೆ ಎಫ್‌ಐಆರ್ ಬೇಡ ಎಂಬುದು ನಮ್ಮ ದೃಢ ಅಭಿಪ್ರಾಯ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡುವಾಗ ಸುಪ್ರೀಂ ಕೋರ್ಟ್ ಮೂರು ಮೆಟ್ಟಿಲು ತೋರಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ರಕ್ಷಣೆ ಇದೆ, ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈಹಾಕಬಹುದು. ಪೂರ್ವಗ್ರಹಕ್ಕೆಲ್ಲ ಪೊಲೀಸರನ್ನು ಕರೆದರೆ ಮನಸ್ಸು ತಿದ್ದುವುದಿಲ್ಲ, ಬೈದವನು ಊರಿಗೆ ಹುತಾತ್ಮನಾಗುತ್ತಾನೆ. ಅಲ್ಲಿ ಕೆಲಸ ಮಾಡಬೇಕಾದವರು ಓದುತ್ತಿರುವ ನಾವು. ‘ಯಾರು? ಯಾವ ಕಟ್ಟೆ? ಯಾವತ್ತು?’ ಎಂಬ ಮೂರು ಪ್ರಶ್ನೆ ಕೇಳಿ. ‘ಆ ಜನ’ ಮತ್ತೆ ‘ಅವ’ ಆಗಲೇಬೇಕಾಗುತ್ತದೆ, ಇಲ್ಲವೇ ಮಾತು ನಿಲ್ಲುತ್ತದೆ. ಜಗಳ ಮಾಡಬೇಕಿಲ್ಲ, ಉಪದೇಶವೂ ಬೇಡ.

ಇನ್ನು ಗೆರೆಯ ಈಚೆಗೆ ಖಂಡಿತ ಇರುವ ಮಾತುಗಳು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್ 7ರ ನಸುಕಿಗೆ ಮೊದಲು ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಆಗ ಹೆದ್ದಾರಿ ಕೆಲಸದ ಬಗ್ಗೆ, ಅಧಿಕಾರದಲ್ಲಿದ್ದವರ ಬಗ್ಗೆ ಜನರ ಬಾಯಿಂದ ಬಂದದ್ದು ಶಾಪವೇ. ‘ಇವರ ಮನೆ ಹಾಳಾಗ’ ಎಂದದ್ದು ಶಾಪ, ಮನೆ ಹಾಳುಮಾಡಿ ಎಂಬ ಕರೆಯಲ್ಲ. ಅಧಿಕಾರದಲ್ಲಿ ಕೂತವರು, ಪಕ್ಷ, ಇಲಾಖೆ, ಗುತ್ತಿಗೆದಾರ ಇವರಾರೂ 196 ಹೇಳುವ ಅರ್ಥದ ಸಮುದಾಯಗಳಲ್ಲ. ಒಂದು ನಂಬಿಕೆಯನ್ನು, ಆಚರಣೆಯನ್ನು ಪ್ರಶ್ನಿಸುವುದೂ ದ್ವೇಷವಲ್ಲ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಹೊತ್ತಿಗೆ ಮಾರಿಕಾಂಬೆಯ ಎದುರಿನ ಪ್ರಾಣಿಬಲಿ, ದಲಿತರ ದೇವಾಲಯ ಪ್ರವೇಶ ಇವೇ ಊರಿನ ದೊಡ್ಡ ವಾದಗಳಾಗಿದ್ದವು. ಆಚರಣೆ ಬಿಡಿ ಎಂದ ಮಾತಿನಿಂದ ನೊಂದವರು ಆಗಲೂ ಇದ್ದಿರಲೇಬೇಕು. ನೋವಾಯಿತು ಎಂಬುದೊಂದೇ ಕಾರಣಕ್ಕೆ ಅಂಥ ಮಾತನ್ನು ಕಟ್ಟಿಹಾಕಿದ್ದರೆ ಇಂದಿನ ಜಾತ್ರೆ ಇಂದಿನಂತೆ ಇರುತ್ತಿರಲಿಲ್ಲ. 299ನೇ ಕಲಮಿನಲ್ಲೂ ಧಾರ್ಮಿಕ ಭಾವನೆಗೆ ಧಕ್ಕೆ ಎಂದಷ್ಟೇ ಇಲ್ಲ. ‘ಉದ್ದೇಶಪೂರ್ವಕ ಮತ್ತು ದುರುದ್ದೇಶದ’ ಕೃತ್ಯವಾಗಿರಬೇಕು ಎಂದಿದೆ.

ಯಾರ ಕಿವಿಯಿಂದ ಕೇಳಬೇಕು ಎಂಬುದಕ್ಕೂ ಉತ್ತರ ಬಂದಾಗಿದೆ. 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ, ಒಂದು ಕವಿತೆಯ ಮೇಲಿನ ಎಫ್‌ಐಆರ್ ರದ್ದುಮಾಡುತ್ತ, ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮಾತಿನ ಪರಿಣಾಮವನ್ನು ವಿವೇಕವುಳ್ಳ, ಗಟ್ಟಿ ಮನಸ್ಸಿನ, ಧೈರ್ಯವಂತ ವ್ಯಕ್ತಿಯ ನೆಲೆಯಿಂದ ಅಳೆಯಬೇಕು, ಪ್ರತಿ ಟೀಕೆಯಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನಿಂದಲ್ಲ. ಅದಕ್ಕೂ ಒಂದು ವರ್ಷ ಮೊದಲು, 2024ರ ಮಾರ್ಚ್ 7ರಂದು, 370ನೇ ವಿಧಿ ರದ್ದಾದ ದಿನವನ್ನು ‘ಕಪ್ಪು ದಿನ’ ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದ್ದ ಅಧ್ಯಾಪಕರ ಮೇಲಿನ 153ಎ ಪ್ರಕರಣವೂ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು.

ಹಾಗೆಂದು ಬರೀ ಶಬ್ದ ನೋಡಿ ಬಿಟ್ಟುಬಿಡುವಂತೆಯೂ ಇಲ್ಲ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಪಾಂಡವರನ್ನು ಗಂಟೆಗಟ್ಟಲೆ ಹಳಿಯುತ್ತಾರೆ. ಅದು ಪಾತ್ರದ ಮಾತೆಂದು ಸಭೆಗೆ ಗೊತ್ತು. ಅದೇ ವಾಕ್ಯವನ್ನು ಕೇರಿಯ ಹೆಸರು ಸೇರಿಸಿ, ಮೆರವಣಿಗೆ ಆ ಕೇರಿಯ ಬಾಯಿಗೆ ಬಂದಾಗ ಮೈಕಿನಲ್ಲಿ ಹೇಳಿದರೆ ಶಬ್ದ ಅದೇ, ಮಾತು ಅದಲ್ಲ. ಸುಪ್ರೀಂ ಕೋರ್ಟಿನ 2020ರ ಅಮೀಶ್ ದೇವಗನ್ ತೀರ್ಪು ಇದನ್ನೇ ಬಿಡಿಸಿ ಹೇಳಿದೆ: ಏನು ಹೇಳಿದರು, ಯಾವ ಉದ್ದೇಶದಿಂದ, ಯಾರು, ಎಲ್ಲಿ, ಯಾರ ಎದುರು. ಚಹಾ ಅಂಗಡಿಯ ಬೆಂಚಿನ ಮೇಲೆ ಹುಡುಗನೊಬ್ಬ ಆಡಿದ್ದಕ್ಕೂ, ಸಾವಿರ ಜನ ಮಾತು ಕೇಳುವ ಮುಖಂಡನೊಬ್ಬ ವೇದಿಕೆಯಲ್ಲಿ ಆಡಿದ್ದಕ್ಕೂ ಒಂದೇ ತೂಕ ಕೊಡಬಾರದು. ನಮ್ಮ ಅನುಭವದಲ್ಲಿ ತಕ್ಕಡಿ ತಿರುವುಮುರುವಾಗಿ ನಿಲ್ಲುತ್ತದೆ. ಹುಡುಗ ಬೇಗ ಸಿಗುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ಗೆರೆ ಬಹಳ ಮುಂಚೆಯೇ ಬರುತ್ತದೆ. 2003ರಿಂದ ಈ ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿಗಳು ಪರಿಶಿಷ್ಟ ಪಂಗಡದಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಗಳಲ್ಲಿ ಅವರ ಕೂದಲು, ಬಣ್ಣ ಹಿಡಿದು ಆಡುವುದನ್ನು ‘ತಮಾಷೆ’ ಎಂದುಕೊಂಡವರು ಇನ್ನೂ ಇದ್ದಾರೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್), 3(1)(ಎಸ್) ಪ್ರಕಾರ, ಈ ಜಾತಿ, ಪಂಗಡಗಳಿಗೆ ಸೇರದವನೊಬ್ಬ ಸಾರ್ವಜನಿಕರ ಕಣ್ಣೆದುರು ಒಬ್ಬರನ್ನೇ ಬೇಕೆಂದು ಅವಮಾನಿಸಿದರೂ, ಜಾತಿ ಹೆಸರೆತ್ತಿ ಬೈದರೂ ಅಪರಾಧ. 6 ತಿಂಗಳಿಂದ 5 ವರ್ಷ. ಅಲ್ಲಿ ಎರಡು ಗುಂಪು ಬೇಕಿಲ್ಲ, ಪ್ರಚೋದನೆಯೂ ಬೇಕಿಲ್ಲ. ಅಂಗವಿಕಲರನ್ನು ಸಾರ್ವಜನಿಕವಾಗಿ ಅವಮಾನಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮೂ ಹೀಗೆಯೇ ಇದೆ. ತಲೆಮಾರುಗಳಿಂದ ಮಾತಿನ ಪೆಟ್ಟು ತಿಂದವರಿಗೆ ಕಾನೂನು ಬೇಲಿಯನ್ನು ಹತ್ತಿರ ಕಟ್ಟಿದೆ, ಅದು ಸರಿಯಾಗಿಯೇ ಇದೆ.

ವದಂತಿಯ ಬೆಲೆ ಈ ಜಿಲ್ಲೆಗೆ ಗೊತ್ತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಆ ದೇಹಕ್ಕೆ ಏನೇನು ಮಾಡಲಾಗಿತ್ತು ಎಂಬ ಕತೆಗಳು ತನಿಖೆಗೆ ಮೊದಲೇ ಮೊಬೈಲಿನಿಂದ ಮೊಬೈಲಿಗೆ ಹೋದವು. ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನ ಸುಟ್ಟಿತು, ಶಿರಸಿಯಲ್ಲಿ ಕಲ್ಲು ತೂರಾಟವಾಯಿತು. ತನಿಖೆ ಸಿಬಿಐಗೆ ಹೋಗಿ, ಕೊಲೆಗೆ ಪುರಾವೆ ಇಲ್ಲ ಎಂಬ ವರದಿ ನ್ಯಾಯಾಲಯಕ್ಕೆ ಬಂದದ್ದು 2022ರಲ್ಲಿ. ದುಃಖದಲ್ಲಿದ್ದ ಆ ಮನೆಯವರ ಪ್ರಶ್ನೆಗಳು ನ್ಯಾಯವಾದವು. ಅವರ ದುಃಖವನ್ನು ಇನ್ನೊಂದು ಕೇರಿಯ ಮೇಲೆ ಎಸೆಯಲು ಬಳಸಿದ ‘ಅಂತೆ’ಗಳು ನ್ಯಾಯವಾದವಲ್ಲ.

ದೂರು ಕೊಡುವವರಿಗೆ ಕೆಲವು ಮಾತು. ಸ್ಕ್ರೀನ್‌ಶಾಟ್ ಒಂದೇ ಸಾಲದು. ಅದರಲ್ಲಿ ನೀವು ಉಳಿಸಿಕೊಂಡ ಹೆಸರು ಕಾಣುತ್ತದೆ, ನಂಬರ್ ಕಾಣುವುದಿಲ್ಲ. ನಂಬರ್ ಕಾಣುವ ಪುಟವನ್ನೂ, ಹಿಂದುಮುಂದಿನ ಹತ್ತಿಪ್ಪತ್ತು ಸಂದೇಶಗಳನ್ನೂ ಸೇರಿಸಿ ತೆಗೆಯಿರಿ. ನಡುವಿನ ಒಂದೇ ಸಾಲು ಕತ್ತರಿಸಿ ತಂದರೆ ಸಂದರ್ಭ ಹೋಗುತ್ತದೆ, ಪ್ರಕರಣವೂ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವನು 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನ ಕಳೆದ ಮೇಲೂ ಕೆಲವು ಗಂಟೆ ಎಲ್ಲರ ಫೋನಿನಿಂದ ಅಳಿಸಬಹುದು. ಆದ್ದರಿಂದ ಕಂಡ ದಿನವೇ ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಧ್ವನಿ ಸಂದೇಶವಾದರೆ ಮೂಲ ಕಡತವನ್ನೇ ಉಳಿಸಿ, ಇನ್ನೊಂದು ಫೋನಿನಲ್ಲಿ ಮರುಮುದ್ರಿಸಬೇಡಿ. ಸಂದೇಶದ ಮೇಲೆ ಜೋಡಿ ಬಾಣ ಇದ್ದರೆ ಅದು ಕೈಯಿಂದ ಕೈಗೆ ಕಡಿಮೆಯೆಂದರೂ ಐದು ಸಲ ದಾಟಿ ಬಂದದ್ದು. ನಿಮಗೆ ಕಳಿಸಿದವನು ಬರೆದವನಲ್ಲ ಎಂಬುದು ನೆನಪಿರಲಿ. ಫೋನ್ ಬದಲಿಸಬೇಡಿ. ನ್ಯಾಯಾಲಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ಬರೆಯಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಸಾಕ್ಷಿ ತೋರಿಸುವ ನೆಪದಲ್ಲಿ ಆ ಸಂದೇಶವನ್ನು ಇನ್ನು ನಾಲ್ಕು ಕಡೆ ಹಾಕಬೇಡಿ.

ದೂರಿನಲ್ಲಿ ‘ನಮ್ಮ ಧರ್ಮಕ್ಕೆ ಅವಹೇಳನ ಮಾಡಿದ್ದಾರೆ’ ಎಂದು ಬರೆದರೆ ಅದು ನಿಮ್ಮ ತೀರ್ಮಾನ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ಅಕ್ಷರಕ್ಕೆ ಅಕ್ಷರ ಬರೆಯಿರಿ. ಎಲ್ಲಿ, ಯಾವಾಗ, ಯಾರೆಲ್ಲ ಕೇಳಿಸಿಕೊಂಡರು, ಅದರಿಂದ ಏನಾಯಿತು, ಅಷ್ಟು ಸಾಕು. ಯಾವ ಕಲಮು ಎಂದು ನೀವು ಬರೆಯಬೇಕಿಲ್ಲ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು.

ಈಗ ಅಧಿಕಾರಿಗಳಲ್ಲಿ ನಮ್ಮ ಕೇಳಿಕೆ.

2023ರ ಏಪ್ರಿಲ್ 28ರ ಸುಪ್ರೀಂ ಕೋರ್ಟ್ ಆದೇಶದಂತೆ ದ್ವೇಷ ಭಾಷಣಕ್ಕೆ ದೂರು ಬರುವವರೆಗೆ ಕಾಯುವಂತಿಲ್ಲ, ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಬೇಕು. ಅದೇ ನ್ಯಾಯಾಲಯ 2025ರಲ್ಲಿ, 3ರಿಂದ 7 ವರ್ಷದೊಳಗಿನ ಶಿಕ್ಷೆಯ ಮಾತಿನ ಅಪರಾಧಗಳಲ್ಲಿ ಮೊದಲು 173(3)ರ ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಎಂದಿದೆ; ಡಿವೈಎಸ್‌ಪಿ ಅನುಮತಿ ಬೇಕು, 14 ದಿನದೊಳಗೆ ಮುಗಿಯಬೇಕು. ಒಂದು ಆದೇಶ ಓಡು ಎನ್ನುತ್ತದೆ, ಇನ್ನೊಂದು ನಿಧಾನ ಎನ್ನುತ್ತದೆ ಎಂದು ಗೊಂದಲಪಡಬೇಕಿಲ್ಲ. ಮೇಲಿನ ಐದನೆಯ ಸಂದೇಶದಂತೆ ದಿನ, ಜಾಗ ಗೊತ್ತುಮಾಡಿ ಕರೆ ಕೊಟ್ಟಿದ್ದರೆ ಅದೇ ಗಂಟೆಯಲ್ಲಿ ಹೆಜ್ಜೆ ಇಡಿ. ಭಾವನೆಗೆ ಧಕ್ಕೆ, ಟೀಕೆ, ಕವಿತೆ, ವ್ಯಂಗ್ಯಚಿತ್ರ ಎಂದು ಬಂದ ದೂರಿಗೆ 14 ದಿನ ಪೂರ್ತಿ ಬಳಸಿ.

ಒಂದೇ ಮಾತಿಗೆ ನ್ಯಾಯ ಸಂಹಿತೆಯ 196, 299, 302 (ಧಾರ್ಮಿಕ ಭಾವನೆ ನೋಯಿಸುವ ಮಾತು), 353 ಎಲ್ಲ ಸೇರಿಸಿ ಕಟ್ಟುವ ರೂಢಿ ಬಿಡಬೇಕು. 196ಕ್ಕೆ ಎರಡು ಸಮುದಾಯಗಳ ಸಂಬಂಧ ತೋರಿಸಲೇಬೇಕೆಂದು 1997ರ ಬಿಲಾಲ್ ಅಹ್ಮದ್ ಕಾಲೂ ತೀರ್ಪಿನಿಂದಲೇ ಸ್ಪಷ್ಟವಿದೆ. ತೋರಿಸಲಾಗದ ಕಲಮು ತೋರಿಸಬಹುದಾದ ಕಲಮನ್ನೂ ಮುಳುಗಿಸುತ್ತದೆ. ಇನ್ನೊಂದು ತೂತು ಮಂಜೂರಾತಿಯದು. ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಮಿನಂತೆ 196, 299ಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. 353(2)ಕ್ಕಾದರೆ ಜಿಲ್ಲಾ ದಂಡಾಧಿಕಾರಿಗಳೂ ಕೊಡಬಹುದು. ಈ ಅಪರಾಧಗಳಿಗೆ ಕಾಲಮಿತಿ 3 ವರ್ಷ. ಅನುಮತಿಗೆ ಕಾದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ, ಆದರೆ ಕೇಳದೇ ಕಳೆದ ದಿನಗಳನ್ನು ಬಿಡುವುದಿಲ್ಲ. ಕಾರವಾರದಲ್ಲಿ ಇದಕ್ಕೊಂದು ಪ್ರತ್ಯೇಕ ದಾಖಲೆ ಪುಸ್ತಕ ಇಡಿ: ಎಫ್‌ಐಆರ್ ದಿನ, ಪ್ರಸ್ತಾವ ಹೋದ ದಿನ, ಉತ್ತರ ಬಂದ ದಿನ. ನಿಜವಾದ ದ್ವೇಷ ಭಾಷಣ ಮಾಡಿದವನು ಬರೀ ಈ ತಪ್ಪಿನಿಂದ ಹೊರಗೆ ಬಂದರೆ ಆ ಕೇರಿಯವರಿಗೆ ಎರಡನೇ ಸಲ ಹೊಡೆದಂತೆ.

ಭಾಷೆಯ ವಿಷಯ ಇದಕ್ಕಿಂತ ಸುಲಭ, ಖರ್ಚೂ ಕಡಿಮೆ. ಕೊಂಕಣಿ, ನವಾಯತಿ, ಉರ್ದು, ಮರಾಠಿ ಮಾತುಗಳನ್ನು ಕನ್ನಡದ ಎಫ್‌ಐಆರ್‌ಗೆ ಇಳಿಸುವಾಗ ಶಾಪ ಬೆದರಿಕೆಯಾಗುತ್ತದೆ, ಬೆದರಿಕೆ ಗಾದೆಯಾಗುತ್ತದೆ. ಸದಾಶಿವಗಡದ ಕೊಂಕಣಿಯೂ ಭಟ್ಕಳದ ಕೊಂಕಣಿಯೂ ಒಂದೇ ಅಲ್ಲ. ಪ್ರತಿ ತಾಲೂಕಿಗೆ ಭಾಷೆಗಿಬ್ಬರಂತೆ, ಬೇರೆಬೇರೆ ಸಮುದಾಯದ, ನಿವೃತ್ತ ಅಧ್ಯಾಪಕರ ಪಟ್ಟಿ ಮಾಡಿಡಿ. ಮೂಲ ಮಾತು ಮೇಲೆ, ಅನುವಾದ ಕೆಳಗೆ, ಇಬ್ಬರ ಸಹಿ. ಆ ಪಟ್ಟಿಗೆ ಹೆಸರು ಕೊಡಲು ನಮ್ಮಲ್ಲಿ ಕೆಲವರು ಸಿದ್ಧರಿದ್ದೇವೆ, ಸಂಭಾವನೆ ಬೇಡ.

2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಗೆ ಪ್ರತ್ಯೇಕ ಮಸೂದೆಯನ್ನು ಎರಡೂ ಸದನಗಳು ಅಂಗೀಕರಿಸಿದವು. ಅದರ ಪರ, ವಿರೋಧ ವಾದಗಳು ನಮ್ಮೊಳಗೇ ಇವೆ. ಆದರೆ ಮೇಲೆ ಹೇಳಿದ ಯಾವ ಕೆಲಸಕ್ಕೂ ಹೊಸ ಕಾನೂನು ಬೇಕಿಲ್ಲ, ಇರುವ ಕಲಮುಗಳನ್ನು ಪೂರ್ತಿ ಓದಿದರೆ ಸಾಕು.

ಕರ್ತೃ ಯಾರು, ಕಾಲ ಯಾವುದು, ವಿಧ್ಯರ್ಥ ಇದೆಯೇ; ಹೇಳಿದವರು ಯಾರು, ಎಲ್ಲಿ, ಯಾರ ಎದುರು; ಮೂಲ ಮಾತು ದಾಖಲಾಗಿದೆಯೇ, ಮಂಜೂರಾತಿ ಕೇಳಲಾಗಿದೆಯೇ. ಇಷ್ಟನ್ನು ಒಂದೇ ಪುಟದಲ್ಲಿ ಅಚ್ಚುಹಾಕಿ ಪ್ರತಿ ಠಾಣೆಯ ಮುನ್ಶಿಯ ಮೇಜಿನ ಗಾಜಿನಡಿ ಇಡಬಹುದು. ಚೌತಿ, ಈದ್ ಮೆರವಣಿಗೆಗಳಿಗೆ ಮೊದಲು ನಡೆಯುವ ಶಾಂತಿಸಭೆಗಳಲ್ಲಿ ಅದನ್ನೇ ಓದಿ ಹೇಳಬಹುದು. ಕರಡನ್ನು ಕನ್ನಡದಲ್ಲೂ, ಕನ್ನಡ ಲಿಪಿಯ ಕೊಂಕಣಿಯಲ್ಲೂ ಬರೆದಿಟ್ಟಿದ್ದೇವೆ. ಯಾವ ದಿನ, ಯಾರ ಕೈಗೆ ಕೊಡಬೇಕೆಂದು ತಿಳಿಸಿದರೆ ತಂದೊಪ್ಪಿಸುತ್ತೇವೆ.

ಇಂತಿ,
ಕಾರವಾರ, ಕುಮಟಾ, ಶಿರಸಿಯ ಕೆಲವು ವಕೀಲರು ಮತ್ತು ಕನ್ನಡ ಅಧ್ಯಾಪಕರು